ಹಾಲಸಿದ್ದಪ್ಪನವರ ಒಂಟಿಗಾಲಿನ ಪರೀಕ್ಷೆ

ನಮ್ಮ ಓಣಿಯ ಅಂಗಡಿಗಳೆಲ್ಲ ಸ್ವಲ್ಪ ಮುಂದೆ ಬಂದಿವೆ. ಇದನ್ನು ನಾವು ಯಾರ ಮುಂದೆಯೂ ಒಪ್ಪುವುದಿಲ್ಲ. ನೀವು ಪುರಸಭೆಯವರಲ್ಲವಾದ್ದರಿಂದ ಹೇಳುತ್ತಿದ್ದೇನೆ. ಹನುಮಪ್ಪನ ಕಿರಾಣಿ ಅಂಗಡಿಗೆ ಮೊದಲು ಒಂದು ಕಟ್ಟೆ ಮಾತ್ರ ಇತ್ತು. ಕಟ್ಟೆಯ ಮೇಲೆ ಬಿಸಿಲು ಬೀಳುತ್ತದೆಂದು ತಗಡು ಬಂತು, ತಗಡು ಹಾರದಿರಲೆಂದು ಕಂಬ ಬಂತು, ಕಂಬದ ತನಕ ಜಾಗ ಖಾಲಿ ಯಾಕೆ ಬಿಡಬೇಕೆಂದು ಬೆಲ್ಲದ ಪೆಂಟೆಗಳು ಬಂದು ಕುಳಿತವು. ಮಂಗಳವ್ವನ ಮಿರ್ಚಿ ಭಜಿಯ ಒಲೆ ಬಾಗಿಲೊಳಗಿದ್ದದ್ದು ಈಗ ಗಟಾರ ದಾಟಿದೆ. ಅಲ್ಲಾವುದ್ದೀನನ ಸೈಕಲ್ ಅಂಗಡಿಯೊಳಗೆ ಅಲ್ಲಾವುದ್ದೀನ ಒಬ್ಬನೇ ಇರುತ್ತಾನೆ, ಸೈಕಲ್ಲುಗಳೆಲ್ಲ ರಸ್ತೆಯಲ್ಲಿ. ನನ್ನದು ನೋಟ್‌ಬುಕ್ಕು, ಪೆನ್ನುಗಳ ಅಂಗಡಿ. ನನ್ನ ಬೋರ್ಡು ಎಷ್ಟು ಮುಂದೆ ಬಂದಿದೆ ಎಂಬುದು ಈ ಕಥೆಗೆ ಸಂಬಂಧಪಟ್ಟದ್ದಲ್ಲ.

ಇಂಥ ಓಣಿಯಲ್ಲಿ ಟೇಪು ಕಂಡರೆ ಜೀವ ಝಲ್ ಎನ್ನುತ್ತದೆ. ಒಮ್ಮೆ ದರ್ಜಿಯೊಬ್ಬ ಟೇಪನ್ನು ಕೊರಳಿಗೆ ಹಾಕಿಕೊಂಡು ಚಾ ಕುಡಿಯಲು ಹೊರಟಾಗ ಹನುಮಪ್ಪ ಬೆಲ್ಲದ ಪೆಂಟೆಗಳನ್ನು ಒಳಗೆಳೆದುಕೊಂಡಿದ್ದ. ಅವನನ್ನು ನೋಡಿ ನಾವೂ ನಮ್ಮ ನಮ್ಮ ಸಾಮಾನು ಎಳೆದುಕೊಂಡೆವು. ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ಬ್ಯಾಡಗಿಯ ನಮ್ಮ ಓಣಿಗೆ ಪ್ರತಿ ವರ್ಷ ಮೆಣಸಿನಕಾಯಿ ಸುಗ್ಗಿಯ ಜೊತೆಗೇ ಬರುತ್ತದೆ, ಎಲ್ಲರನ್ನೂ ಒಂದಷ್ಟು ದಿನ ಕೆಮ್ಮಿಸಿ ಹೋಗುತ್ತದೆ.

ಈ ಓಣಿಯ ನಟ್ಟನಡುವೆ ಹಾಲಸಿದ್ದಪ್ಪನವರ ಮನೆ. ಅವರು ಸರ್ವೇ ಖಾತೆಯಲ್ಲಿದ್ದು ನಿವೃತ್ತರಾದವರು. ಊರವರಿಗೆಲ್ಲ ಈಗಲೂ ಸರ್ವೇ ಸಾಹೇಬರೇ. ನಡಿಗೆಯ ವಿಷಯದಲ್ಲಿ ಅವರಿಗೆ ಭಾರೀ ದೊಡ್ಡಸ್ತಿಕೆ.

"ಅಗಡಿ, ಹೊಸರಿತ್ತಿ ಹೊಲಾ ಎಲ್ಲಾ ಸರಪಳಿ ಜಗ್ಗಿಕೋತ ಇದ ಕಾಲಾಗ ತಿರಗೇನಿ," ಎಂದು ಮೊಣಕಾಲು ತಟ್ಟಿ ತೋರಿಸುತ್ತಿದ್ದರು. "ಈಗಿನ ಹುಡುಗರು ಮಷಿನ್ ಇಟ್ಟು ಗಿಡದ ನೆರಳಾಗ ಕುಂದರತಾರ."

ಕೋಲು ಹಿಡಿದು ಹೋಗುವ ವಯಸ್ಸಾದವರು ಕಂಡರೆ ತಮ್ಮ ಹಳೇ ಟಿವಿಎಸ್ ಗಾಡಿ ನಿಲ್ಲಿಸಿ, "ಏನ್ರಿ, ಮೂರನೇ ಕಾಲು ಬಂತೇನ್ರಿ?" ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ಆ ಗಾಡಿಯೇ ಅವರ ರಾಜ್ಯ. ಮಾರಲು ಒಂದು ಮೆಣಸಿನಕಾಯಿಯೂ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಅದರ ಮೇಲೆ ಮಾರುಕಟ್ಟೆಗೆ ಹೋಗಿ, ದರದ ಬಗ್ಗೆ ದಲಾಲರ ಜೊತೆ ಜಗಳವಾಡಿ, ಸಮಾಧಾನದಿಂದ ಊಟಕ್ಕೆ ಬರುತ್ತಿದ್ದರು.

ಇಂಥ ಹಾಲಸಿದ್ದಪ್ಪನವರು ಒಂದು ದಿನ ಪ್ಯಾಂಟು ಹಾಕಿಕೊಳ್ಳಲು ಕಾಲೆತ್ತಿದರು. ಆ ಕಾಲು ಪ್ಯಾಂಟಿನೊಳಗೆ ಹೋಗಲಿಲ್ಲ. ಅವರೇ ಹೋಗಿ ಹೆಂಡತಿ ಪ್ರೇಮವ್ವ ಕೂಲಿಗೆ ತಂದು ತೊಟ್ಟು ಬಿಡಿಸಿ ರಾಶಿ ಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿದ್ದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಆದರೆ ಎರಡು ದಿನ ಕಣ್ಣು ಮೂಗಿನಲ್ಲಿ ಧಾರಾಕಾರ ನೀರು. ಓಣಿಗೆ ನೆಗಡಿ ಎಂದು ಹೇಳಲಾಯಿತು. ನಾವು ನಂಬಿ, ಶುಂಠಿ ಕಷಾಯ ಕಳಿಸಿದೆವು.

ಅಂದಿನಿಂದ ಹಾಲಸಿದ್ದಪ್ಪನವರೊಳಗೆ ಹೆದರಿಕೆ ಹೊಕ್ಕಿತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯತೊಡಗಿದರು. ಪ್ಯಾಂಟನ್ನು ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕುಳಿತು ಹಾಕಿಕೊಳ್ಳತೊಡಗಿದರು. ಬಿದ್ದರೆ ಏನು ಗತಿ ಎನ್ನುವುದಕ್ಕಿಂತ, ಬಿದ್ದದ್ದು ಓಣಿಗೆ ತಿಳಿದರೆ ಏನು ಗತಿ ಎಂಬ ಚಿಂತೆಯೇ ಅವರಿಗೆ ಹೆಚ್ಚಾಗಿತ್ತು. ಮೂರನೇ ಕಾಲಿನ ಲೆಕ್ಕ ಕೇಳಲು ಊರಲ್ಲಿ ಎಷ್ಟು ಜನ ಕಾದಿದ್ದಾರೆಂಬುದು ಅವರಿಗೆ ಗೊತ್ತಿತ್ತು.

ಪ್ರೇಮವ್ವ ಜಾಣೆ. ತನ್ನ ಮೊಣಕಾಲು ತೋರಿಸಬೇಕು, ಜೊತೆಗೆ ಬರ್ರಿ ಎಂದು ಗಂಡನನ್ನು ಹಾವೇರಿಗೆ ಕರೆದೊಯ್ದಳು. ಅಲ್ಲಿ ಹಿರಿಯ ನಾಗರಿಕರ ದೇಹಶಕ್ತಿ ತಪಾಸಣೆಯ ಶಿಬಿರ. ತಪಾಸಣೆ ಮಾಡುವವಳು ಭುವನಾ ಎಂಬ ಹುಡುಗಿ, ಕಸರತ್ತಿನ ಡಾಕ್ಟರು. ಮೊಣಕಾಲು ನೋಡಿಸಿಕೊಂಡಾದ ಮೇಲೆ ಪ್ರೇಮವ್ವ ಕುರ್ಚಿ ಬಿಟ್ಟೆದ್ದು ಗಂಡನನ್ನು ಅದರಲ್ಲಿ ಕೂರಿಸಿದಳು.

"ಕೈ ಹಚ್ಚಲಾರದ ಎದ್ದು ನಿಂದರ್ರಿ ಅಜ್ಜಾರ," ಎಂದಳು ಭುವನಾ.

ಅಜ್ಜಾರು ಯಾರೆಂದು ಹಾಲಸಿದ್ದಪ್ಪನವರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

ಕುರ್ಚಿಯಿಂದ ಎದ್ದರು, ಕುಳಿತರು, ಮತ್ತೆ ಎದ್ದರು. ಗೋಡೆಯ ತನಕ ನಡೆದು ತಿರುಗಿ ಬಂದರು. ಮೀಸೆಯ ಮೇಲೆ ಕೈ ಹೋಯಿತು. ಆಗ ಆ ಹುಡುಗಿ, "ಈಗ ಒಂದ ಕಾಲ ಮ್ಯಾಲೆ ನಿಂದರ್ರಿ ನೋಡೋಣು," ಎಂದು ಗಡಿಯಾರ ಹಿಡಿದಳು. ಹಾಲಸಿದ್ದಪ್ಪನವರು ಕಾಲೆತ್ತಿದರು. ಗಡಿಯಾರ ಟಿಕ್ ಎನ್ನುವುದರೊಳಗೆ ಅವರ ಎರಡೂ ಕೈ ಡಾಕ್ಟರ ಹೆಗಲ ಮೇಲಿದ್ದವು.

"ಕಾಲಾಗ ಶಕ್ತಿ ಐತ್ರಿ, ತೋಲ, ಅಂದ್ರ ಸಮತೋಲನ, ಕಡಿಮಿ ಆಗೇತಿ," ಎಂದಳು ಭುವನಾ. "ಗಾಬರಿ ಆಗಬ್ಯಾಡ್ರಿ. ದಿನಾ ಕಸರತ್ತು ಮಾಡಿದ್ರ ತಿರುಗಿ ಬರತೈತಿ. ಅಲ್ಲೀತನಕ ಗಾಡಿ ಹೊಡಿಯೂದು ಬ್ಯಾಡ. ಮುಂದಿನ ತಿಂಗಳು ನಿಮ್ಮ ಬ್ಯಾಡಗಿಗೇ ಬರ್ತೇನಿ. ಆವಾಗ ಒಂಟಿಗಾಲ ಮ್ಯಾಲೆ ಗಟ್ಟಿ ನಿಂತು ತೋರಸ್ರಿ, ನಾನ ಚಾವಿ ಕೊಡಸ್ತೇನಿ."

ಪ್ರೇಮವ್ವ ಆ ಕ್ಷಣವೇ ಗಂಡನ ಕಿಸೆಗೆ ಕೈ ಹಾಕಿ ಗಾಡಿಯ ಚಾವಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಆ ಗಂಟು ಹೇಗಿತ್ತೆಂದರೆ, ಅದನ್ನು ನೋಡಿದಾಗಲೆಲ್ಲ ಹಾಲಸಿದ್ದಪ್ಪನವರು ಖಾಲಿ ಕಿಸೆ ತಡವಿಕೊಳ್ಳುತ್ತಿದ್ದರು. ಓಣಿಗೆ ಗಾಡಿ ಕೆಟ್ಟಿದೆ ಎಂದು ಹೇಳಲಾಯಿತು.

ಭುವನಾ ಹೇಳಿದ ಕಸರತ್ತು ಸರಳ. ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆಗೆ ಕೈ ಹಚ್ಚಿ ಒಂಟಿಗಾಲಲ್ಲಿ ನಿಂತು, ಎದುರಿಗಿನ ಒಂದು ವಸ್ತುವಿನ ಮೇಲೆ ದೃಷ್ಟಿ ನೆಡುವುದು. ಆಮೇಲೆ ಒಂದು ನೇರ ಗೆರೆಯ ಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡ ತಾಗಿಸುತ್ತ ನಡೆಯುವುದು, ಪಕ್ಕದಲ್ಲಿ ಹಿಡಿಯಲು ಗೋಡೆ ಇರುವಂತೆ. ಮನೆಯೊಳಗೆ ನೇರ ಗೆರೆಗೆ ಜಾಗವೇ ಇಲ್ಲ, ಎಲ್ಲೆಲ್ಲೂ ಮೆಣಸಿನಕಾಯಿ. ಆ ರಾಶಿಯ ನೆರಳು ಕಂಡರೇ ಹಾಲಸಿದ್ದಪ್ಪನವರಿಗೆ ಸೀನು ಬರುತ್ತಿತ್ತು. ಹೀಗಾಗಿ ಓಣಿ ಏಳುವ ಮೊದಲೇ ಹೊರಗೆ ಬಂದು, ಅಂಗಡಿಗಳ ಸಾಲಿಗೆ ಗಟಾರದ ಅಂಚಿನ ಮೇಲೆ ಅಭ್ಯಾಸ ಶುರು ಮಾಡಿದರು.

ಈಗ ನೀವೇ ಊಹಿಸಿಕೊಳ್ಳಿ. ನಮ್ಮ ಕಡೆ ಜಾಗ ಅಳೆಯಲು ಟೇಪು ಸಿಗದಿದ್ದರೆ ಮಾಡುವುದೇನು? ಪಾದಕ್ಕೆ ಪಾದ ಹಚ್ಚಿ ಅಳೆಯುವುದು. ಸೈಟು ಕೊಳ್ಳುವವನೂ ಹೀಗೆಯೇ ಅಳೆಯುತ್ತಾನೆ, ಅಣ್ಣತಮ್ಮಂದಿರು ಪಡಸಾಲೆ ಪಾಲು ಮಾಡುವಾಗಲೂ ಹೀಗೆಯೇ. ಬೆಳಕು ಹರಿಯುವ ಹೊತ್ತಿಗೆ ಸರ್ವೇ ಖಾತೆಯ ಮನುಷ್ಯನೊಬ್ಬ ತಲೆ ತಗ್ಗಿಸಿ, ಬಾಯಲ್ಲಿ ಏನೋ ಎಣಿಸುತ್ತ, ಪಾದಕ್ಕೆ ಪಾದ ಹಚ್ಚಿ, ಒಂದೊಂದು ಅಂಗಡಿಯ ಕಂಬವನ್ನೂ ಕೈಯಿಂದ ಮುಟ್ಟುತ್ತ ಹೋಗುತ್ತಿದ್ದಾನೆ. ನಡುನಡುವೆ ನಿಂತು, ಒಂದು ಕಾಲೆತ್ತಿ, ಹನುಮಪ್ಪನ ತಗಡನ್ನು ಕಣ್ಣು ಕಿರಿದು ಮಾಡಿ ದಿಟ್ಟಿಸುತ್ತಾನೆ. ನೀವಾದರೂ ಏನು ತಿಳಿಯುತ್ತಿದ್ದಿರಿ?

ಮೊದಲು ಕಂಡವಳು ಮಂಗಳವ್ವ. ಒಲೆಗೆ ಕಡ್ಡಿ ಗೀರಿದವಳು ಕೈ ಸುಟ್ಟುಕೊಂಡಳು. ಸೀದಾ ಹೋಗಿ ಹನುಮಪ್ಪನ ಬಾಗಿಲು ಬಡಿದಳು.

"ಏಳೋ ಹನುಮಪ್ಪಾ! ಸರ್ವೇ ಸಾಹೇಬ್ರು ರಸ್ತಾ ಅಳತಿ ಮಾಡಾಕತ್ತಾರ! ನಿನ್ನ ತಗಡಿನ ಮ್ಯಾಲೆ ಕಣ್ಣು ಬಿದ್ದೈತಿ!"

ಹನುಮಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದ. ಗುಂಡಿಗಳು ಒಂದೊಂದು ಕಾಜಾ ಮೇಲಾದವು.

"ಸಾಹೇಬ್ರ, ಇಷ್ಟ ಲಗೂ ಏನ್ ನಡಿಸೀರಿ?"

ಹಾಲಸಿದ್ದಪ್ಪನವರ ಎದೆ ಧಸಕ್ಕೆಂದಿತು. ತೋಲ ತಪ್ಪಿದ್ದಕ್ಕೆ ಕಸರತ್ತು ಎಂದರೆ, ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. "ಏನಿಲ್ಲ," ಎಂದರು. "ಹಾವೇರಿಯಿಂದ ಹೇಳ್ಯಾರ. ಒಂದ ತಿಂಗಳ ಕೆಲಸ ಐತಿ. ನೀ ಯಾರ ಮುಂದನೂ ಬಾಯಿ ಬಿಡಬ್ಯಾಡ."

ಹಾವೇರಿ ನಮ್ಮ ಜಿಲ್ಲಾ ಕೇಂದ್ರ. ಅಲ್ಲಿಂದ ಹೇಳಿದ್ದಾರೆ, ಒಂದು ತಿಂಗಳಲ್ಲಿ ಮುಗಿಯುತ್ತದೆ, ಬಾಯಿ ಬಿಡಬಾರದು. ಇಷ್ಟು ಕೇಳಿದ ಹನುಮಪ್ಪ ಕಂಬಕ್ಕೆ ಆತುಕೊಂಡ. ಯಾರ ಮುಂದೆಯೂ ಹೇಳಬಾರದ ಸಂಗತಿಯಾದ್ದರಿಂದ ಅದು ನಾಷ್ಟಾದ ಹೊತ್ತಿಗೆ ಓಣಿಯ ಕೊನೆ ಮುಟ್ಟಿತ್ತು.

ಅಲ್ಲಿಂದ ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ನಿದ್ರೆಯಿಲ್ಲ. ಹನುಮಪ್ಪ ಬೆಲ್ಲದ ಪೆಂಟೆಗಳನ್ನು ಮತ್ತೆ ಒಳಗೆಳೆದುಕೊಂಡ. ಮಂಗಳವ್ವ ಒಲೆಯನ್ನು ಗಟಾರದ ಈಚೆಗೆ ತಂದಳು. ಮರುದಿನ ಯೋಚಿಸಿ ಇನ್ನೂ ಒಳಗೆ ತಂದಳು. ಹೊಗೆಯೆಲ್ಲ ಮನೆಯೊಳಗೆ ತುಂಬಿ, ಗಿರಾಕಿಗಳು ಕಣ್ಣೊರೆಸಿಕೊಳ್ಳುತ್ತ ಭಜಿ ತಿನ್ನುವಂತಾಯಿತು. ಅಲ್ಲಾವುದ್ದೀನ ಸೈಕಲ್ಲುಗಳನ್ನು ಒಳಗೆ ತುಂಬಿ ತಾನು ಹೊರಗೆ ನಿಂತ. ನಾನು ನನ್ನ ಬೋರ್ಡು ಬಿಚ್ಚಿ ಒಳಗಿಟ್ಟೆ, ಬಣ್ಣ ಹಚ್ಚಿಸಲಿಕ್ಕೆ ಎಂದು ಯಾರೂ ಕೇಳದೆಯೇ ಎಲ್ಲರಿಗೂ ಹೇಳಿದೆ.

ಜೊತೆಗೆ ಸರ್ವೇ ಸಾಹೇಬರ ಉಪಚಾರವೂ ಶುರುವಾಯಿತು. ಅವರು ಹೆಜ್ಜೆಯಿಟ್ಟ ಕೂಡಲೇ ಒಬ್ಬರು ಕುರ್ಚಿ ತಂದರು, "ಕುಂದ್ರಿ ಸಾಹೇಬ್ರ, ದಣದೀರಿ." ಇನ್ನೊಬ್ಬರು ಚಾ ತಂದರು. ಮಂಗಳವ್ವ ಬಿಸಿ ಭಜಿ ಪೊಟ್ಟಣ ಕಟ್ಟಿ ತಂದಳು. ಅಲ್ಲಾವುದ್ದೀನ ಮೃದು ಸ್ವಭಾವದವನು, ಅವರ ರೆಟ್ಟೆ ಹಿಡಿದು, "ಸಾವಕಾಶ ನಡೀರಿ ಸಾಹೇಬ್ರ, ಈ ಕಡಿ ನೆಲಾ ಬರೋಬ್ಬರಿ ಇಲ್ಲ. ಆ ಕಡಿ ಸಾಲಿನಾಗ ನಡೀರಿ, ಅಲ್ಲಿ ಛಲೋ ಐತಿ," ಎಂದು ಎದುರು ಸಾಲಿನ ಕಡೆಗೆ ತಿರುಗಿಸಿದ. ಎದುರು ಸಾಲಿನವರು ಅವರನ್ನು ಮತ್ತೆ ಈ ಕಡೆ ತಿರುಗಿಸಿದರು.

ಹಾಲಸಿದ್ದಪ್ಪನವರು ಬೆವತುಹೋದರು. ಇದೇನಿದು, ಎಲ್ಲರೂ ಕುರ್ಚಿ ತರುತ್ತಾರೆ, ರೆಟ್ಟೆ ಹಿಡಿಯುತ್ತಾರೆ, ನೆಲ ನೋಡಿ ನಡೆಯಿರಿ ಎನ್ನುತ್ತಾರೆ! ಸೀದಾ ಮನೆಗೆ ಹೋಗಿ ಹೆಂಡತಿಯನ್ನು ಹಿಡಿದರು.

"ಓಣಿಗೆಲ್ಲಾ ಹೇಳಿಬಿಟ್ಟೀಯೇನ? ನಾ ಬೀಳತೇನಂತ ಎಲ್ಲಾರಿಗೂ ಗೊತ್ತಾಗೇತಿ!"

"ನಾ ಯಾಕ ಹೇಳ್ಲಿ? ಹೊರಗ ಹೋಗಾಕ ನನಗ ಪುರಸೊತ್ತೆಲ್ಲೈತಿ?" ಎಂದು ಪ್ರೇಮವ್ವ ತೊಟ್ಟು ಮುರಿದಳು.

ಹಾಲಸಿದ್ದಪ್ಪನವರು ನಂಬಲಿಲ್ಲ. ಮರುದಿನ ಹನುಮಪ್ಪ ಒಂದು ಚೀಲ ಬೆಲ್ಲ, ಬೇಳೆ ಹೊತ್ತು ಬಂದು ಅವರ ಜಗುಲಿಯ ಮೇಲಿಟ್ಟಾಗ ಅವರ ಸಿಟ್ಟು ನೆತ್ತಿಗೇರಿತು.

"ಏನಿದು? ನಾನೇನು ಹಾಸಿಗಿ ಹಿಡದೇನೇನು? ತಗೊಂಡು ಹೋಗು! ನನಗ ಯಾರ ಕೈನೂ ಬ್ಯಾಡ, ಯಾರ ಆಸರಾನೂ ಬ್ಯಾಡ. ನನ್ನ ಕೆಲಸ ನಾ ಸರಳ ಮಾಡಿ ಮುಗಸ್ತೇನಿ!"

ಹನುಮಪ್ಪ ಚೀಲ ಹೊತ್ತು ವಾಪಸು ಬಂದ. ಅವನ ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು. "ತಗೊಳ್ಳಲಿಲ್ಲರೀ," ಎಂದ. "ಸರಳ ಕೆಲಸ ಮುಗಸ್ತಾರಂತ. ಮನಷ್ಯಾ ಪ್ರಾಮಾಣಿಕ ಅದಾನ. ನಮ್ಮ ಕಥಿ ಮುಗೀತು."

ಲಂಚ ತಿನ್ನುವವನನ್ನು ನಾವು ಕಂಡಿದ್ದೇವೆ, ಅವನ ಜೊತೆ ಬದುಕುವುದು ನಮಗೆ ರೂಢಿಯಾಗಿದೆ. ಪ್ರಾಮಾಣಿಕನನ್ನು ಎದುರಿಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ಎಲ್ಲರೂ ಸೇರಿ ವಾರ್ಡ್ ಮೆಂಬರ್ ವಿಜಯಮಹಾಂತೇಶನ ಬಳಿಗೆ ಹೋದೆವು. ಅವನಿಗೆ ಈ ಬಗ್ಗೆ ಒಂದಕ್ಷರವೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದರೆ ಮೆಂಬರಿಕೆಗೆ ಕುಂದು. ಅವನು ಕಣ್ಣು ಮುಚ್ಚಿ, ಬಹಳ ದಿನದಿಂದ ನೋವು ನುಂಗಿದವರಂತೆ ತಲೆಯಾಡಿಸಿದ.

"ನನಗ ಎಲ್ಲಾ ಗೊತ್ತೈತಿ. ಮ್ಯಾಲಿನ ಮಟ್ಟದಾಗ ಮಾತಾಡಾಕತ್ತೇನಿ. ಪೂರಾ ಒಡಿಯಾಕ ಬಿಡೂದಿಲ್ಲ. ನೀವೇನೂ ಗಾಬರಿ ಆಗಬ್ಯಾಡ್ರಿ."

ಇಷ್ಟು ಕೇಳಿದ ಮೇಲೆಯೇ ನಾವು ನಿಜವಾಗಿ ಗಾಬರಿಯಾದದ್ದು.

ಸುದ್ದಿ ರಾಣೇಬೆನ್ನೂರಿಗೂ ಮುಟ್ಟಿತು. ಅಲ್ಲಿ ಹಾಲಸಿದ್ದಪ್ಪನವರ ಅಳಿಯ ಚೇತನಕುಮಾರನ ಬೀಜದ ಅಂಗಡಿ, ಪೇಟೆಯ ನಡುವೆ. ಅವನ ಅಂಗಡಿಯ ಮೆಟ್ಟಿಲುಗಳೂ ಸ್ವಲ್ಪ ಮುಂದೆ ಬಂದಿದ್ದವು. ಒಂದು ಭಾನುವಾರ ಹಣ್ಣಿನ ಬುಟ್ಟಿ ಹಿಡಿದು ಮಾವನ ಎದುರು ಬಂದು ಕುಳಿತ. ನಾನು ಆಗ ಪೇಪರು ಓದುವ ನೆಪದಲ್ಲಿ ಅದೇ ಜಗುಲಿಯಲ್ಲಿದ್ದೆ.

"ಮಾವಾರ, ನಾ ಮನಿಮಗ ಇದ್ಹಂಗ. ನನ್ನ ಮುಂದ ಮುಚ್ಚಿಡಬ್ಯಾಡ್ರಿ. ಇಲ್ಲೀದು ಮುಗದ ಮ್ಯಾಲೆ ರಾಣೇಬೆನ್ನೂರಿಗೆ ಬರ್ತೀರೇನ್ರಿ?"

ಹಾಲಸಿದ್ದಪ್ಪನವರ ಮುಖ ಕಪ್ಪಿಟ್ಟಿತು. ಮಗಳಿಗೂ ಗೊತ್ತಾಗಿದೆ. ಕಾಲು ಸೋತ ಮಾವನನ್ನು ಒಯ್ದು ಮೂಲೆಯಲ್ಲಿ ಮಲಗಿಸಲು ಬಂದಿದ್ದಾನೆ!

"ಬರೂದಿಲ್ಲ!" ಎಂದು ಜಗುಲಿ ಗುದ್ದಿದರು. "ನನಗ ಇನ್ನೂ ಆ ಹೊತ್ತು ಬಂದಿಲ್ಲ. ನಾ ಜೀವಂತ ಇರೂತನಕ ನಿಮ್ಮ ಹೊಸ್ತಲಾ ತುಳಿಯೂದಿಲ್ಲ!"

"ಖರೇನ್ರಿ ಮಾವಾರ?" ಚೇತನಕುಮಾರನ ಕಣ್ಣಲ್ಲಿ ನೀರು ತುಂಬಿತು. ಎದ್ದು ಮಾವನ ಕಾಲಿಗೆ ಬಿದ್ದ. "ನೀವು ದೇವರಂಥವರ್ರಿ," ಎಂದು ಹಣ್ಣಿನ ಬುಟ್ಟಿ ಇಟ್ಟು ಶಿಳ್ಳೆ ಹಾಕುತ್ತ ಹೋದ.

ಹಾಲಸಿದ್ದಪ್ಪನವರು ಆ ದಿನ ಊಟ ಮಾಡಲಿಲ್ಲ. ನಾನು ಬರುವುದಿಲ್ಲ ಎಂದದ್ದಕ್ಕೆ ಅಳಿಯ ಇಷ್ಟು ಖುಷಿಪಟ್ಟನಲ್ಲ ಎಂದು ಅವರಿಗೆ ನಿಜಕ್ಕೂ ದುಃಖವಾಯಿತು. ಸಂಜೆ ಗಾಡಿಯ ಸೀಟಿನ ಧೂಳು ಒರೆಸುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಆದರೆ ಬೆಳಗಿನ ಅಭ್ಯಾಸ ಬಿಡಲಿಲ್ಲ. ಆ ಗಾಡಿಯೂ ಹೋದರೆ ತಮ್ಮದು ಎನ್ನುವಂಥದ್ದು ಏನೂ ಉಳಿಯುವುದಿಲ್ಲ ಎಂಬ ಭಯ ಅವರನ್ನು ದಿನಾ ಎಬ್ಬಿಸುತ್ತಿತ್ತು.

ಕೊನೆಗೆ ಆ ದಿನ ಬಂತು. ನಮ್ಮ ಓಣಿಯ ತುದಿಯ ಸಮುದಾಯ ಭವನದಲ್ಲಿ ಭುವನಾಳ ಶಿಬಿರ. ಹಾವೇರಿಯಿಂದ ಜೀಪು ಬಂದಿದೆ, ಸರ್ವೇ ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ಒಳಗೆ ಹೋದರು ಎಂದು ಮಂಗಳವ್ವ ಸುದ್ದಿ ತಂದಳು. ಅಂಗಡಿಗಳ ಬಾಗಿಲು ಎಳೆದು ಓಣಿಗೆ ಓಣಿಯೇ ಅಲ್ಲಿಗೆ ನುಗ್ಗಿತು. ನಾವು ಒಳಗೆ ಕಾಲಿಡುವುದಕ್ಕೂ, ಭುವನಾ ಬಗ್ಗಿ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಒಂದು ಗೆರೆ ಎಳೆಯುವುದಕ್ಕೂ ಸರಿಹೋಯಿತು. ಅದು ವಯಸ್ಸಾದವರು ನಡೆದು ತೋರಿಸಬೇಕಾದ ಗೆರೆ. ನಮ್ಮ ಕಣ್ಣಿಗೆ ಅದು ಅಂಗಡಿ ಒಡೆಯಲು ಹಾಕಿದ ಗೆರೆಯಾಗಿ ಕಂಡಿತು.

"ಗೆರಿ ಹಾಕೇಬಿಟ್ರಲ್ಲೋ!" ಎಂದು ಮಂಗಳವ್ವ ಎದೆ ಬಡಿದುಕೊಂಡಳು.

ಹನುಮಪ್ಪ ಗೆರೆಯ ಮೇಲೆ ಅಡ್ಡ ನಿಂತ. "ಸಾಹೇಬ್ರ, ಒಂದ ತಿಂಗಳಾತು, ನಾವು ಅನ್ನಾ ತಿಂದಿಲ್ಲ. ಬಾಯಿ ಬಿಟ್ಟು ಹೇಳ್ರಿ. ನೀವು ದಿನಾ ಮುಂಜಾನೆ ನಮ್ಮ ರಸ್ತಾ ಅಳತಿ ಮಾಡಿಲ್ಲಂತ ದೇವರಗುಡ್ಡದ ಮೈಲಾರಲಿಂಗನ ಆಣಿ ಮಾಡ್ರಿ!"

ಹಾಲಸಿದ್ದಪ್ಪನವರು ಬಾಯಿ ತೆರೆದು ನಿಂತರು. ಒಂದು ತಿಂಗಳ ಕುರ್ಚಿ, ಚಾ, ಬೆಲ್ಲ, ಬೇಳೆ, ಅಳಿಯ ಎಲ್ಲವೂ ಒಂದೇ ಸಲಕ್ಕೆ ಅವರ ತಲೆಯೊಳಗೆ ಹೊಕ್ಕವು. ಅಂದರೆ ಇವರಿಗೆ ಯಾರಿಗೂ ಏನೂ ಗೊತ್ತಿಲ್ಲ! ಅವರ ಮುಖದಲ್ಲಿ ತಿಂಗಳ ನಂತರ ಮೊದಲ ಬಾರಿಗೆ ಬೆಳಕು ಬಂತು.

"ಮೈಲಾರಲಿಂಗನ ಆಣಿ, ನಾ ಯಾವ ರಸ್ತಾನೂ ಅಳತಿ ಮಾಡಿಲ್ಲ," ಎಂದರು.

ಜನ ಉಸಿರು ಬಿಟ್ಟರು. ಆಗ ಅಲ್ಲಾವುದ್ದೀನ ಮೆಲ್ಲಗೆ ಮುಂದೆ ಬಂದ. "ಬರೋಬ್ಬರಿ ಐತ್ರಿ ಸಾಹೇಬ್ರ, ನಂಬಿದೆ. ಸುಮ್ಮನ ಕೇಳ್ತೇನಿ, ನನ್ನ ಅಂಗಡಿ ಎಷ್ಟ ಹೊರಗ ಬಂದೈತ್ರಿ?"

ಸರ್ವೇ ಖಾತೆಯಲ್ಲಿ ತಲೆ ನೆರೆತ ಮನುಷ್ಯ. ನಡೆದರೆ ಎಣಿಸುವುದು, ಕಂಡರೆ ಕಣ್ಣಲ್ಲೇ ಅಳೆಯುವುದು, ಎಣಿಸಿದರೆ ನೆನಪಿಡುವುದು ರಕ್ತದಲ್ಲೇ ಇದೆ. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಅಡಿ, ಇಂಚು ಸಮೇತ ಅವರ ಬಾಯಿಂದ ಹೊರಬಿತ್ತು. ಅಲ್ಲಾವುದ್ದೀನನದಷ್ಟೇ ಅಲ್ಲ, ಅದೇ ಓಟದಲ್ಲಿ ಹನುಮಪ್ಪನ ತಗಡು, ಮಂಗಳವ್ವನ ಒಲೆ ಎಲ್ಲವೂ ಬಂದವು. ನನ್ನ ಬೋರ್ಡನ್ನೂ ಬಿಡಲಿಲ್ಲ.

ಭವನದ ತಗಡು ಹಾರಿಹೋಗುವಂಥ ಗದ್ದಲವೆದ್ದಿತು. ವಿಜಯಮಹಾಂತೇಶ ಎರಡೂ ಕೈ ಮೇಲೆತ್ತಿ, "ನಾ ಮೊದಲ ಹೇಳಿರಲಿಲ್ಲೇನು?" ಎಂದು ಕೂಗಿದ. ಅವನು ಏನು ಹೇಳಿದ್ದನೆಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಭುವನಾ ಕುರ್ಚಿಯ ಮೇಲೆ ಹತ್ತಿ ನಿಂತು ಎಲ್ಲರನ್ನೂ ಸುಮ್ಮನಾಗಿಸಿದಳು. "ಇವರು ನನ್ನ ಪೇಶೆಂಟ್ ಅದಾರ್ರಿ! ತೋಲ ತಪ್ಪತಿತ್ತಂತ ಹಂಗ ನಡೀರಿ ಅಂತ ನಾನ ಹೇಳಿದ್ದೆ. ಅಳತಿ ಅಲ್ಲ, ಅದು ಕಸರತ್ತು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನುಮಪ್ಪ ನಕ್ಕ, ಕೆಟ್ಟ ನಗೆ. "ಇವರಿಗೆ ತೋಲ ತಪ್ಪತೈತಂತ! ಅಗಡಿ ಹೊಸರಿತ್ತಿ ತಿರಗಿದ ಕಾಲಂತ ಮೊನ್ನೆಮೊನ್ನೆತನಕ ಹೇಳ್ತಿದ್ರಲ್ರಿ! ಆತು, ಈಗ ಎಲ್ಲಾರ ಮುಂದ ಒಂಟಿಗಾಲಾಗ ನಿಂತು ತೋರಸ್ಲಿ. ಕಾಲು ಅಲುಗಾಡಿದ್ರ ನಿಮ್ಮ ಮಾತು ಖರೇ. ಗಟ್ಟಿ ನಿಂತ್ರ ಕಸರತ್ತೆಲ್ಲಾ ಸುಳ್ಳು, ಅಳತೀನ ಖರೇ!"

ಈ ತೀರ್ಮಾನ ಎಲ್ಲರಿಗೂ ನ್ಯಾಯವೆನಿಸಿತು. ಒಂದು ತಿಂಗಳು ಅಭ್ಯಾಸ ಮಾಡಿದ ಕಾಲು ಗಟ್ಟಿಯಾಗುವುದು ಸಹಜವೇ ಎಂದು ಭುವನಾ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಪ್ರೇಮವ್ವ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಸೆರಗಿನ ಗಂಟು ಅವಳ ಮುಷ್ಟಿಯಲ್ಲಿತ್ತು. ಹಾಲಸಿದ್ದಪ್ಪನವರು ಒಮ್ಮೆ ಆ ಗಂಟನ್ನು ನೋಡಿದರು, ಒಮ್ಮೆ ಓಣಿಯನ್ನು ನೋಡಿದರು. ಅಲುಗಾಡಿದರೆ ಓಣಿ ತಮ್ಮನ್ನು ಬಿಟ್ಟುಬಿಡುತ್ತದೆ, ಗಾಡಿ ಹೋಗುತ್ತದೆ. ಅಲುಗಾಡದಿದ್ದರೆ ಗಾಡಿ ಸಿಗುತ್ತದೆ, ಅದನ್ನು ಹೊಡೆಯಬೇಕಾದ ಓಣಿಯಲ್ಲಿ ಒಬ್ಬನೂ ಮುಖ ಕೊಟ್ಟು ಮಾತಾಡುವುದಿಲ್ಲ. ಅವರ ಹಣೆಯಿಂದ ಬೆವರು ಇಳಿಯಿತು. ಆಮೇಲೆ ಕಾಲೆತ್ತಿದರು.

ಇಡೀ ಓಣಿ ಆ ಒಂದು ಕಾಲನ್ನೇ ನೋಡುತ್ತ, ಬೀಳಲಿ, ಬೀಳಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿತು. ನಾನೂ ಹೊತ್ತೆ. ಓಣಿಯ ಒಳ್ಳೆಯದಕ್ಕೆ ಬಿದ್ದುಬಿಡೋಣವೆಂದು ತಾವೂ ಒಂದು ಕ್ಷಣ ಯೋಚಿಸಿದ್ದಾಗಿ ಹಾಲಸಿದ್ದಪ್ಪನವರು ಆಮೇಲೆ ನನಗೆ ಹೇಳಿದರು. ಆದರೆ ಕಾಲು ಕೇಳಲಿಲ್ಲ. ನೆಟ್ಟ ಕಲ್ಲಿನಂತೆ ನಿಂತುಬಿಟ್ಟಿತು. ಗಡಿಯಾರ ಓಡಿತು. ಭುವನಾಳ ಮುಖ ಅರಳಿತು. ಜನರ ಮುಖ ಬಾಡಿತು.

"ಬಸ್! ಪಾಸ್ ಆದ್ರಿ! ಕಾಲು ಇಳಸ್ರಿ ಅಜ್ಜಾರ," ಎಂದು ಭುವನಾ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ತಟ್ಟಲಿಲ್ಲ.

ಹಾಲಸಿದ್ದಪ್ಪನವರು ಕಾಲು ಇಳಿಸಲಿಲ್ಲ. "ಇಳಿಸಿದ್ರ ಇವರು ನನ್ನ ಬಿಡ್ತಾರೇನವ್ವಾ?" ಎಂದರು. ಅವರ ದನಿ ನಡುಗುತ್ತಿತ್ತು, ಕಾಲು ಮಾತ್ರ ನಡುಗುತ್ತಿರಲಿಲ್ಲ.

"ಗಟ್ಟಿ ಅದಾನ! ಅಳತೀನ ಖರೇ!" ಎಂದು ಹನುಮಪ್ಪ ಕಿರುಚಿದ. ಜನ ಮುಂದೆ ನುಗ್ಗಿದರು.

ಆಗ ಪ್ರೇಮವ್ವ ಎದ್ದು ನಿಂತಳು.

"ಏ ಹನುಮಪ್ಪಾ, ನಿಲ್ಲು! ಗಟ್ಟಿ ಅದಾನಂತ! ತಿಂಗಳ ಹಿಂದ ಈ ಮನಷ್ಯಾ ಪ್ಯಾಂಟಿನಾಗ ಕಾಲು ಹಾಕಾಕ ಹೋಗಿ ನನ್ನ ಮೆಣಸಿನಕಾಯಿ ರಾಶಿ ಮ್ಯಾಲೆ ಬಿದ್ದಿದ್ರು. ನೆಗಡಿ ಅಂತ ನೀವು ಕಷಾಯ ಕಳಿಸಿದ್ರಲ್ಲ, ಅದು ನೆಗಡಿ ಅಲ್ಲ, ಖಾರ! ಅವತ್ತಿನಿಂದ ಬಾಗಲಾ ಹಾಕ್ಕೊಂಡು ಮಂಚದ ಮ್ಯಾಲೆ ಕುಂತು ಪ್ಯಾಂಟು ಏರಸ್ತಾರ. ಬಚ್ಚಲಕ್ಕ ಹೋಗೂಮುಂದ ಗ್ವಾಡಿ ಹಿಡೀತಾರ. ಮುಂಜಾನೆ ಎದ್ದು ನಿಮ್ಮ ಕಂಬಾ ಯಾಕ ಮುಟ್ಟತಿದ್ರು ಗೊತ್ತೇನು? ಬೀಳಬಾರದಂತ! ನಿಮ್ಮ ತಗಡು ಯಾರಿಗೆ ಬೇಕಾಗೇತಿ?" ಅವಳ ದನಿ ಒಡೆಯಿತು. "ಬಿದ್ದು ಕಾಲು ಮುರಕೊಂಡ್ರ ನಾ ಏನ್ ಮಾಡ್ಲಿ ಅಂತ ಚಾವಿ ಕಸಗೊಂಡಿದ್ದೆ. ತಿಂಗಳಾತು, ನನಗೂ ನಿದ್ದಿ ಇಲ್ಲ."

ಮಂಗಳವ್ವನಿಗೆ ಆ ನೆಗಡಿ ಕಣ್ಣ ಮುಂದೆ ಬಂದಿರಬೇಕು, ಅವಳು ಕಿಸಕ್ಕನೆ ನಕ್ಕಳು. ಅಲ್ಲಾವುದ್ದೀನ ನಕ್ಕ. ಕೊನೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು; ತಗಡು ಉಳಿಯಿತೆಂಬ ಸಂತೋಷವೂ ಅದರಲ್ಲಿ ಸೇರಿತ್ತು. ಹಾಲಸಿದ್ದಪ್ಪನವರ ಮುಖ ಮೊದಲು ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಾಲು ಇಳಿಸಿದರು. ಪ್ರೇಮವ್ವ ಹಲ್ಲಿನಿಂದ ಗಂಟು ಬಿಚ್ಚಿ, ಚಾವಿಯನ್ನು ಅವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಭುವನಾ, "ಬಂದೀರಿ, ನೀವೂ ನಿಂತು ತೋರಸ್ರಿ," ಎಂದುಬಿಟ್ಟಳು. ಮೊದಲು ಮೆಂಬರ್ ವಿಜಯಮಹಾಂತೇಶ ಕಾಲೆತ್ತಿ, ಅಲ್ಲಾವುದ್ದೀನನ ಮೇಲೆ ಬಿದ್ದ. ಅಲ್ಲಾವುದ್ದೀನ ನನ್ನ ಮೇಲೆ ಬಿದ್ದ. ನಾನು ಆಗಲೇ ಅಲುಗಾಡುತ್ತಿದ್ದೆ. ಹನುಮಪ್ಪನಿಗೆ ಒಂಟಿಗಾಲಿನ ಮಾತಿರಲಿ, ಕೈ ಊರದೆ ಕುರ್ಚಿಯಿಂದ ಏಳಲೇ ಆಗಲಿಲ್ಲ. ಅವನ ಹೆಂಡತಿ ಸಿದ್ದವ್ವ ಗುಂಪಿನಿಂದ ಹೊರಗೆ ಬಂದು, ಗಂಡನ ಕಿಸೆಗೆ ಕೈ ಹಾಕಿ ಸ್ಕೂಟರಿನ ಚಾವಿ ತೆಗೆದು ಸೆರಗಿಗೆ ಗಂಟು ಹಾಕಿದಳು. ಅದನ್ನು ನೋಡಿ ಉಳಿದ ಹೆಂಗಸರೂ ಎದ್ದರು.

ಈಗ ನಮ್ಮ ಓಣಿಯಲ್ಲಿ ಬೆಳಗಾಗುವ ಮೊದಲೇ ಒಂದು ಸಾಲು ಗಂಡಸರು ಪಾದಕ್ಕೆ ಪಾದ ಹಚ್ಚಿ, ಕಂಬ ಕಂಬ ಮುಟ್ಟುತ್ತ ನಡೆಯುತ್ತೇವೆ. ಪಕ್ಕದ ಓಣಿಯವರು ಇದನ್ನು ನೋಡಿ ತಮ್ಮ ತಗಡು ಬಿಚ್ಚಿದ್ದಾರೆಂದು ಕೇಳಿದೆ. ನಾವು ಅವರಿಗೆ ಏನೂ ಹೇಳಿಲ್ಲ.

ನಿನ್ನೆ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಹನುಮಪ್ಪ ತನ್ನದೇ ಕಂಬ ದಾಟಿ ಹಿಡಿಯಲು ಏನೂ ಇಲ್ಲದ ಜಾಗದಲ್ಲಿ ಸಿಕ್ಕಿಬಿದ್ದಿದ್ದ. ಬೆಲ್ಲದ ಪೆಂಟೆಗಳನ್ನು ತಾನೇ ಒಳಗೆಳೆದುಕೊಂಡಿದ್ದನಲ್ಲ. ಹಿಂದಕ್ಕೂ ಹೋಗಲಾರ, ಮುಂದಕ್ಕೂ ಹೋಗಲಾರ. ಹಾಲಸಿದ್ದಪ್ಪನವರ ಗಾಡಿ ಬಂದು ಅವನ ಪಕ್ಕ ನಿಂತಿತು. ಮೂರನೇ ಕಾಲಿನ ಮಾತು ಬರುತ್ತದೆಂದು ನಾವೆಲ್ಲ ಕಿವಿ ನಿಮಿರಿಸಿದೆವು.

"ಕೈ ಬೇಕೇನೋ ಹನುಮಪ್ಪಾ?" ಎಂದರು ಹಾಲಸಿದ್ದಪ್ಪನವರು.

"ಬ್ಯಾಡ್ರಿ. ನನಗ ಯಾರ ಕೈನೂ ಬ್ಯಾಡ," ಎಂದ ಹನುಮಪ್ಪ.

ಆಮೇಲೆ ಸಿದ್ದವ್ವ ಬಾಗಿಲಲ್ಲಿದ್ದಾಳೋ ಎಂದು ಒಮ್ಮೆ ಹಿಂದೆ ನೋಡಿ, ಮೆಲ್ಲಗೆ ಕೈ ಚಾಚಿದ. ಹಾಲಸಿದ್ದಪ್ಪನವರು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಗಾಡಿಯ ಮೇಲೆ ಕುಳಿತೇ ಇದ್ದರು, ಅವರ ಒಂದು ಕಾಲು ನೆಲದ ಮೇಲೆ ಗಟ್ಟಿಯಾಗಿ ಊರಿತ್ತು.